ಅಳುಮೋರೆ ಫಲಕದ ನಿರ್ದೇಶಕರಿಗೆ, ಒಂದು ಸ್ಟೂಲಿನ ಬಗ್ಗೆ

ವೈದ್ಯಕೀಯ ತರಬೇತಿಯ ಮೌಲ್ಯಮಾಪನ ವಿಭಾಗದ ಮಾನ್ಯ ನಿರ್ದೇಶಕರೇ,

ನಾನು ಯಾರ ಸಲಹೆಯನ್ನೂ ಕೇಳದವಳು ಎಂದು ನಿಮ್ಮ ಕಂಪ್ಯೂಟರ್ ಹೇಳುತ್ತಿದೆ. ಅದರ ಮಾತು ನಂಬಿ ನಿಮ್ಮ ಪರಿಶೀಲನಾ ಸಮಿತಿ ಬರುವ ಸೋಮವಾರ ಸಭೆ ಸೇರಲಿದೆ. ನನ್ನ ಕೈಯಿಂದ ಸೂಜಿ ಕಿತ್ತುಕೊಂಡು ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದಂತೆ. ನೋಟಿಸಿನಲ್ಲಿ ಕಾರಣ ಒಂದೇ ಸಾಲು: ‘ಸಲಹೆ ಸ್ವೀಕರಿಸುವ ಮನೋಭಾವ – ಕೆಂಪು’. ಸ್ವಾಮಿ, ಕೈಗೇ ಬಾರದ ಸಲಹೆಯನ್ನು ಸ್ವೀಕರಿಸುವ ವಿದ್ಯೆಯನ್ನು ನಮಗೆ ಇನ್ನೂ ಯಾರೂ ಕಲಿಸಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ನಿಮ್ಮ ಕಚೇರಿಗೆ ಮಾತ್ರ ಕಳಿಸಿದರೆ ಇದೂ ಎಲ್ಲೋ ಒಂದು ಬಣ್ಣದ ಚುಕ್ಕೆಯಾಗಿ ಕೂತುಬಿಡುತ್ತದೆ ಎಂಬ ಭಯ ನನಗಿದೆ.

ಓದುತ್ತಿರುವ ಸಾರ್ವಜನಿಕರಿಗೆ ವಿಷಯ ಗೊತ್ತಿರಲಾರದು, ಆದ್ದರಿಂದ ಒಂದಿಷ್ಟು ಹೇಳುತ್ತೇನೆ. ನಾವು ಎಂಬಿಬಿಎಸ್ ಮುಗಿಸಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಮುಂದಿನದನ್ನು ಕಲಿಯುವ ತರಬೇತಿ ವೈದ್ಯರು. ನಾವು ರೋಗಿಯನ್ನು ಪರೀಕ್ಷಿಸುವಾಗಲೋ ಸೂಜಿ ಹಾಕುವಾಗಲೋ ಹಿರಿಯ ವೈದ್ಯರೊಬ್ಬರು ಪಕ್ಕದಲ್ಲಿ ನಿಂತು ನೋಡಿ, ಅಂಕ ಕೊಟ್ಟು, ನಾಲ್ಕು ಮಾತು ಬರೆಯುತ್ತಾರೆ. ಹಿಂದೆ ಅದನ್ನು ಕಾಗದದ ಮೇಲೆ ಬರೆಯುತ್ತಿದ್ದರು, ಅಕ್ಷರ ಅರ್ಥವಾಗದಿದ್ದರೆ ಬೆನ್ನು ಹತ್ತಿ ಕೇಳುತ್ತಿದ್ದೆವು. ಆಮೇಲೆ ತಾವು ಬಂದಿರಿ. ‘ಕಲಿಕಾ ದರ್ಪಣ’ ಎಂಬ ಡ್ಯಾಶ್‌ಬೋರ್ಡ್, ಅಂದರೆ ನಮ್ಮ ಅಂಕಗಳನ್ನು ಬಣ್ಣ-ಚಿತ್ರಗಳಲ್ಲಿ ತೋರಿಸುವ ಕಂಪ್ಯೂಟರ್ ಫಲಕ, ತಂದಿರಿ. ಉದ್ಘಾಟನೆಯ ದಿನ ಪರದೆಯ ಮೇಲೆ ಚಕ್ರಗಳು ತಿರುಗಿದವು, ಪಟ್ಟಿಗಳು ಎದ್ದವು, ಜೇಡರ ಬಲೆಯಂಥ ಚಿತ್ರವೊಂದು ಹಸಿರಾಗಿ ಅರಳಿತು. ‘ಇನ್ನು ಮುಂದೆ ಕಲಿಯುವವರು ತಮ್ಮನ್ನು ತಾವೇ ನೋಡಿಕೊಳ್ಳಬಹುದು’ ಎಂದು ತಾವು ಭಾಷಣ ಮಾಡಿದಿರಿ. ನಾನೂ ಚಪ್ಪಾಳೆ ತಟ್ಟಿದೆ, ಅದನ್ನು ವಾಪಸ್ ತೆಗೆದುಕೊಳ್ಳಲು ಯಾವ ಗುಂಡಿ ಒತ್ತಬೇಕೋ ತಿಳಿಸಿ.

ಅದರ ಹಿಂದೆಯೇ ತಮ್ಮ ಸುತ್ತೋಲೆ ಬಂತು. ಬಾಯಿಮಾತಿನ ಸಲಹೆ ದಾಖಲಾಗುವುದಿಲ್ಲವಾದ್ದರಿಂದ ಸಮಸ್ತ ಅಧ್ಯಾಪಕರು ತಮ್ಮ ಅಭಿಪ್ರಾಯವನ್ನು ದರ್ಪಣದ ಮೂಲಕವೇ ನೀಡತಕ್ಕದ್ದು. ಈ ‘ತಕ್ಕದ್ದು’ ಎಂಬುದನ್ನು ನಮ್ಮ ಆಸ್ಪತ್ರೆಯಲ್ಲಿ ಅಕ್ಷರಶಃ ಪಾಲಿಸಿದವರು ಒಬ್ಬರೇ, ನಮ್ಮ ಹುಳಿ ಮೇಡಂ. ಅವರಿಗೆ ಆ ಹೆಸರಿಟ್ಟವರು ನಾವೇ. ಅವರ ಮುಖದಲ್ಲಿ ನಗು ಕಂಡವರಿಲ್ಲ. ಕೆಲಸ ಮುಗಿದ ಮೇಲೆ ಒಂದು ಮಾತಾಡದೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಮೊಬೈಲಿನಲ್ಲಿ ಎರಡು ಹೆಬ್ಬೆರಳಿಂದ ಟಪಟಪ ಒತ್ತುತ್ತಿದ್ದರು. ಯಾರ ಮೇಲೆ ಚಾಡಿ ಬರೆಯುತ್ತಿದ್ದಾರೋ ಎಂದು ನಾವು ಕಂಬದ ಮರೆಯಿಂದ ನೋಡುತ್ತಿದ್ದೆವು.

ಈಗ ನನ್ನ ಕಥೆಗೆ ಬರುತ್ತೇನೆ. ಮೆದುಳಿಗೆ ಸೋಂಕು ತಗಲಿದೆಯೇ ಎಂದು ನೋಡಲು ಬೆನ್ನುಮೂಳೆಗಳ ನಡುವೆ ಸೂಜಿ ಹಾಕಿ ನೀರು ತೆಗೆಯಬೇಕಾಗುತ್ತದೆ. ರೋಗಿ ಮಗ್ಗುಲಾಗಿ ಮುದುಡಿ ಮಲಗಿರುತ್ತಾರೆ, ನಾವು ಹಿಂದಿನಿಂದ ಸೂಜಿ ಹಾಕುತ್ತೇವೆ. ನನ್ನ ಬ್ಯಾಚಿನಲ್ಲಿ ಬಹುಪಾಲು ಎಲ್ಲರಿಗೂ ಬಂತು, ನನಗೆ ಬರಲಿಲ್ಲ. ಪ್ರತಿ ಸಲವೂ ಸೂಜಿ ಹೋಗಿ ಮೂಳೆಗೆ ತಾಗುತ್ತಿತ್ತು. ಆ ತಾಗುವಿಕೆ ಕೈಯಲ್ಲಿ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ನನ್ನ ಬೆನ್ನಲ್ಲೇ ಬೆವರು ಇಳಿಯುತ್ತಿತ್ತು. ಒಮ್ಮೆ ಒಬ್ಬ ಬಸ್ ಕಂಡಕ್ಟರ್ ಮಲಗಿದ್ದರು. ಮೂರು ಸಲ ಚುಚ್ಚಿದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ, ‘ಡಾಕ್ಟ್ರಮ್ಮ, ಏನಾದ್ರೂ ಕಳ್ಕೊಂಡಿದ್ದೀರಾ ಅಲ್ಲಿ? ಹೇಳಿ, ನಾನೂ ಹುಡುಕ್ತೀನಿ’ ಎಂದರು. ನಗಿಸಲು ಹೇಳಿದ ಮಾತು ಅದು. ಆದರೆ ಅವರ ಕೈ ಮಂಚದ ಕಂಬಿಯನ್ನು ಹಿಡಿದಿದ್ದ ಬಗೆ ನೋಡಿ ನನಗೆ ಅಳು ಬಂತು. ಕೊನೆಗೆ ಹುಳಿ ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ತೆಗೆದರು. ಆಮೇಲೆ ಬೆಂಚು, ಮೊಬೈಲು, ಟಪಟಪ.

ಮನೆಗೆ ಹೋಗಿ ಆಸೆಯಿಂದ ದರ್ಪಣ ತೆರೆದೆ. ನನ್ನ ತಪ್ಪೇನು ಎಂದು ಅದರಲ್ಲಿರುತ್ತದೆ ಎಂದು ನಂಬಿದ್ದೆ, ನೋಡಿ. ಅಂಕ ತೋರಿಸುವ ಚಕ್ರದ ಮುಳ್ಳು ಕೆಂಪಿಗೆ ಇಳಿದಿತ್ತು. ಅದರ ಕೆಳಗೆ ಅಳುತ್ತಿರುವ ಒಂದು ದುಂಡು ಮೋರೆ. ಅದರ ಕೆಳಗೆ: ‘ನೀವು ಬ್ಯಾಚಿನ ಸರಾಸರಿಗಿಂತ ಹಿಂದಿದ್ದೀರಿ. ಸುಧಾರಿಸಿಕೊಳ್ಳಿ.’ ಮೂಳೆಗೆ ಸೂಜಿ ತಾಗಿಸಿದವಳಿಗೆ ತಾನು ಹಿಂದಿದ್ದೇನೆ ಎಂದು ತಿಳಿಯಲು ಕಂಪ್ಯೂಟರ್ ಬೇಕೇ? ಎಲ್ಲಿ ತಪ್ಪಿದೆ, ನಾಳೆ ಏನು ಬದಲಿಸಲಿ ಎಂಬ ಪ್ರಶ್ನೆಗೆ ಆ ಪರದೆಯಲ್ಲಿ ಉತ್ತರವಿರಲಿಲ್ಲ. ಮೋರೆಯ ಮೇಲೆ ಒತ್ತಿ ನೋಡಿದೆ. ಅದು ಸ್ವಲ್ಪ ದೊಡ್ಡದಾಗಿ ಅತ್ತಿತು.

ಇಷ್ಟು ಸಾಲದೆಂದು ತಾವು ಪ್ರತಿ ತಿಂಗಳೂ ಇದರ ಪ್ರತಿಯನ್ನು ‘ಪೋಷಕ’ರಿಗೆ ಕಳಿಸುತ್ತೀರಿ. ನನಗೆ ಮದುವೆಯಾಗಿದೆ, ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದೆ. ಪೋಷಕರ ಜಾಗದಲ್ಲಿ ಮನೆಯ ನಂಬರ್ ಕೊಟ್ಟಿದ್ದೆ, ಆ ಫೋನು ಇರುವುದು ನಮ್ಮ ಅತ್ತೆಯ ಕೈಯಲ್ಲಿ. ಅವರು ಊಟದ ಮೇಜಿನ ಮೇಲೆ ಫೋನಿಟ್ಟು ಕನ್ನಡಕ ಹಾಕಿಕೊಂಡರು.

‘ಇದೇನೇ ಇದು, ಗಾಳಿಪಟ ಹರಿದ ಹಾಗಿದೆ?’

‘ನನ್ನ ಸಾಮರ್ಥ್ಯ ಅಂತೆ ಅತ್ತೆ.’

‘ಈ ಮೋರೆ ಯಾರದು?’

‘ಅದೂ ನಂದೇ.’

‘ನೀನು ಇಷ್ಟು ದುಂಡಗಿಲ್ವಲ್ಲ’ ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಮಾವ ಎಲ್ಲಿಂದಲೋ ಬಂದು ಕೆಂಪು ಗೆರೆಗಳನ್ನು ನೋಡಿ, ‘ಯಾರದಮ್ಮ ಬ್ಲಡ್ ರಿಪೋರ್ಟು? ಶುಗರ್ ಜಾಸ್ತಿ ಇದೆಯಲ್ಲ’ ಎಂದು ಗಾಬರಿಯಾದರು. ಎಲ್ಲರೂ ನಕ್ಕೆವು. ನಕ್ಕಾದ ಮೇಲೆ ನನ್ನ ಗಂಡ ಮೆಲ್ಲಗೆ, ‘ನಿನ್ನ ಕೈಲಿ ಆಗಲ್ಲ ಅನ್ಸಿದ್ರೆ ಬಿಟ್ಬಿಡು, ಏನಾಗಲ್ಲ’ ಎಂದ. ಪ್ರೀತಿಯಿಂದಲೇ ಹೇಳಿದ. ಆ ಪ್ರೀತಿ ನನಗೆ ಎಷ್ಟು ಚುಚ್ಚಿತೆಂದು ಅವನಿಗೂ ಗೊತ್ತಿಲ್ಲ, ನಿಮಗಂತೂ ಗೊತ್ತಾಗಲು ಸಾಧ್ಯವಿಲ್ಲ.

ಅತ್ತ ನನ್ನ ಸಹಪಾಠಿಗಳು ನಿಮ್ಮ ದರ್ಪಣವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನಮ್ಮಲ್ಲಿ ಬೆಣ್ಣೆ ಸರ್ ಎಂಬ ಇನ್ನೊಬ್ಬ ಅಧ್ಯಾಪಕರಿದ್ದಾರೆ. ಎಲ್ಲರಿಗೂ ಪೂರ್ತಿ ಅಂಕ, ಅಭಿಪ್ರಾಯದ ಜಾಗದಲ್ಲಿ ‘ಗುಡ್’. ಅವರು ಎಡಕ್ಕೆ ತಿರುಗಿದರೆ ಬ್ಯಾಚೇ ಎಡಕ್ಕೆ ತಿರುಗುತ್ತದೆ. ಬರುವ ಕೆಲಸವನ್ನೇ ಅವರ ಮುಂದೆ ಮಾಡಿ ತೋರಿಸುವುದು, ಬಾರದ ಕೆಲಸವನ್ನು ಯಾರ ಮುಂದೆಯೂ ಮಾಡದಿರುವುದು, ಇದು ಈಗ ನಮ್ಮಲ್ಲಿ ನಡೆಯುತ್ತಿರುವ ಕಲಿಕೆ. ಒಬ್ಬನನ್ನು ನಾವು ಹಸಿರು ಮಹಾರಾಜ ಎಂದೇ ಕರೆಯುತ್ತೇವೆ. ಕೊನೆಯ ವರ್ಷದಲ್ಲೂ ರಕ್ತದೊತ್ತಡ ಅಳೆದು ತೋರಿಸಿ ಮೌಲ್ಯಮಾಪನ ಮಾಡಿಸಿಕೊಂಡ ಭೂಪ. ಅವನ ಬಲೆಚಿತ್ರದಲ್ಲಿ ಕೆಂಪಿನ ಸುಳಿವೇ ಇಲ್ಲ. ತಾವು ಅವನಿಗೆ ಪ್ರಶಂಸಾಪತ್ರ ಕೊಟ್ಟು, ಮುಂದಿನ ತಿಂಗಳಿಂದ ವಾರ್ಡು ನೋಡಿಕೊಳ್ಳಲು ಹೇಳಿದ್ದೀರಿ. ಮೊನ್ನೆ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಬಂದು ಕೂತ. ಚಹಾ ಮುಟ್ಟಲಿಲ್ಲ. ‘ಅಕ್ಕಾ, ಯಾರಿಗೂ ಹೇಳ್ಬೇಡಿ. ಬೆನ್ನಿಗೆ ಸೂಜಿ ಹಾಕೋದು ನಾನು ಒಂದ್ಸಲಾನೂ ಮಾಡಿಲ್ಲ. ವಾರ್ಡಲ್ಲಿ ಒಬ್ಬನೇ ಇದ್ದಾಗ ಬಂದ್ರೆ ಏನ್ ಮಾಡ್ಲಿ?’ ಎಂದ. ಹೇಳಬೇಡಿ ಎಂದವನ ಮಾತನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ. ಅವನಿಗೂ ಈಗ ಪ್ರಶಂಸೆಗಿಂತ ಕಲಿಯುವುದೇ ಬೇಕಾಗಿದೆ.

ನೋಟಿಸು ಬಂದ ಮರುದಿನ ಕಾರಿಡಾರಿನಲ್ಲಿ ಹುಳಿ ಮೇಡಂ ಎದುರಾದರು. ಮೊದಲ ಬಾರಿಗೆ ನಿಮ್ಮ ಸುತ್ತೋಲೆಯನ್ನು ಮುರಿದು ಬಾಯಿ ಬಿಟ್ಟರು.

‘ನಿನಗೆ ಇನ್ನೆಷ್ಟು ಸಲ ಬರೀಬೇಕು? ಇಷ್ಟು ಸೊಕ್ಕು ಒಳ್ಳೇದಲ್ಲ.’

‘ಏನು ಬರೆದಿದ್ದೀರಿ ಮೇಡಂ?’

‘ಓದಿಲ್ವಾ?’

‘ನನಗೆ ಬರೋದು ಅಳುಮೋರೆ ಒಂದೇ.’

ಅವರು ಹುಬ್ಬು ಗಂಟಿಕ್ಕಿ ತಮ್ಮ ಮೊಬೈಲ್ ತೆಗೆದರು, ನಾನು ನನ್ನದನ್ನು ತೆಗೆದೆ. ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟೆವು. ಅವರ ಪರದೆಯಲ್ಲಿ ಪ್ಯಾರಾಗಟ್ಟಲೆ ಬರಹ. ನನ್ನ ಪರದೆಯಲ್ಲಿ ಅದೇ ದಿನಕ್ಕೆ ಒಂದು ದುಂಡು ಮೋರೆ. ಅವರು ಬರೆದಿದ್ದರು: ‘ನೀನು ಎತ್ತರ ಇದ್ದೀಯ. ನಮ್ಮ ಮಂಚಗಳು ತಗ್ಗು. ನಿಂತು ಬಗ್ಗಿ ಸೂಜಿ ಹಾಕುತ್ತೀಯ, ಅದಕ್ಕೇ ಸೂಜಿ ನೆಟ್ಟಗೆ ಹೋಗದೆ ಕೆಳಗೆ ವಾಲುತ್ತದೆ. ಒಂದು ಸ್ಟೂಲ್ ಎಳೆದುಕೊಂಡು ಕೂತುಕೋ. ರೋಗಿಯ ಬೆನ್ನು ನಿನ್ನ ಕಣ್ಣಿನ ಮಟ್ಟಕ್ಕೆ ಬರಲಿ. ಕೈ ಒಳ್ಳೆಯದಿದೆ, ಅವಸರ ಬೇಡ.’ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರೆದಿದ್ದರು. ಕೊನೆಯ ಸಲ ಬೇಸತ್ತು, ‘ಹೇಳಿದ್ದನ್ನು ಕೇಳುವುದಿಲ್ಲ’ ಎಂದು ಮನೋಭಾವಕ್ಕೆ ಕಡಿಮೆ ಅಂಕ ಕೊಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಒಂದು ಸ್ಟೂಲು, ಮಾನ್ಯರೇ! ವರ್ಷವಿಡೀ ನಾನು ನನ್ನ ಕೈಯನ್ನು ಶಪಿಸಿದೆ, ಮನೆಯವರು ನನ್ನನ್ನು ಸಮಾಧಾನ ಮಾಡಿದರು, ಎಷ್ಟೋ ಜನರ ಬೆನ್ನು ಸುಮ್ಮನೆ ತೂತಾಯಿತು. ಸ್ಟೂಲು ಮಾತ್ರ ವಾರ್ಡಿನ ಮೂಲೆಯಲ್ಲೇ ಇತ್ತು, ಅದರ ಮೇಲೆ ಔಷಧಿಯ ಖಾಲಿ ಡಬ್ಬಗಳನ್ನು ಪೇರಿಸಿದ್ದರು.

ಆ ವಾರವೇ ಕಂಡಕ್ಟರ್ ಮತ್ತೆ ಬಂದರು, ಚಿಕಿತ್ಸೆ ಮುಗಿದ ಮೇಲೆ ಇನ್ನೊಮ್ಮೆ ನೀರು ನೋಡಬೇಕಿತ್ತು. ನನ್ನನ್ನು ಕಂಡು, ‘ಮತ್ತೆ ನೀವೇನಾ?’ ಎಂದರು. ‘ಬೇಡ ಅಂದ್ರೆ ಮೇಡಮ್ಮೇ ಮಾಡ್ತಾರೆ, ನಿಮ್ಮಿಷ್ಟ’ ಎಂದೆ. ಅವರು ಸ್ವಲ್ಪ ಯೋಚಿಸಿ, ‘ಮಾಡಿ, ನಿಮಗೆ ನನ್ನ ಬೆನ್ನಿನ ದಾರಿ ಅಭ್ಯಾಸ ಆಗಿದೆ’ ಎಂದು ತಿರುಗಿ ಮಲಗಿದರು. ಡಬ್ಬಗಳನ್ನು ಕೆಳಗಿಳಿಸಿ, ಸ್ಟೂಲ್ ಎಳೆದುಕೊಂಡು ಕೂತೆ. ಅವರ ಬೆನ್ನನ್ನು ನಾನು ಮೊದಲ ಸಲ ನೇರವಾಗಿ ನೋಡಿದೆ. ಸೂಜಿ ಎಲ್ಲಿಯೂ ತಾಗದೆ ಹೋಯಿತು, ತಿಳಿನೀರು ಹನಿ ಹನಿಯಾಗಿ ಬಂತು. ‘ಶುರು ಮಾಡಿ ಡಾಕ್ಟ್ರಮ್ಮ’ ಎಂದು ಅವರು ಹೇಳುವಷ್ಟರಲ್ಲಿ ಮುಗಿದಿತ್ತು. ನನಗೆ ಆದ ಸಂತೋಷವನ್ನು ಇಲ್ಲಿ ಬರೆದರೆ ತಮಗೆ ಅದನ್ನು ಯಾವ ಬಣ್ಣದಲ್ಲಿ ತೋರಿಸುವುದೆಂದು ತಿಳಿಯದು, ಬಿಡಿ.

ಹುಳಿ ಮೇಡಂ ಬೆಂಚಿನ ಮೇಲೆ ಕೂತು ಅಂದು ಎಂದಿಗಿಂತ ಹೆಚ್ಚು ಹೊತ್ತು ಬರೆದರು. ಏನು ಚೆನ್ನಾಗಿತ್ತು, ಯಾಕೆ ಚೆನ್ನಾಗಿತ್ತು, ಇನ್ನೊಬ್ಬರಿಗೆ ಹೇಗೆ ಕಲಿಸಬಹುದು ಎಂದೆಲ್ಲ ಬರೆದು, ‘ಕಳಿಸಿದೀನಿ, ನೋಡು’ ಎಂದರು. ಇಬ್ಬರೂ ನನ್ನ ಮೊಬೈಲಿನತ್ತ ಬಗ್ಗಿದೆವು. ನನ್ನ ಜೀವನದ ಅತ್ಯಂತ ಒಳ್ಳೆಯ ಕೆಲಸಕ್ಕೆ ದರ್ಪಣ ಕೊಟ್ಟದ್ದು ಕಣ್ಣೀರ ಕೋಡಿ ಹರಿಸುತ್ತಿದ್ದ ಒಂದು ಮೋರೆ. ಅದಕ್ಕಿಂತ ಜೋರಾಗಿ ಅಳುವ ಮೋರೆ ನಿಮ್ಮ ಸಂಗ್ರಹದಲ್ಲಿ ಇಲ್ಲವಂತೆ.

ಮೇಡಂ ಅಲ್ಲೇ ನಿಮ್ಮ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯ ಇಂಜಿನಿಯರ್ ತುಂಬಾ ವಿನಯದಿಂದ ವಿವರಿಸಿದರು. ‘ಕಾಮೆಂಟ್ ಉದ್ದ ಇದ್ರೆ ಏನೋ ತೊಂದರೆ ಇದೆ ಅಂತ ಸಿಸ್ಟಂ ತಗೊಳ್ಳುತ್ತೆ ಮೇಡಂ. ಚೆನ್ನಾಗಿದ್ರೆ ಯಾರು ಅಷ್ಟುದ್ದ ಬರೀತಾರೆ ಹೇಳಿ? ಮೀಟಿಂಗಲ್ಲಿ ಹಾಗೇ ತೀರ್ಮಾನ ಆಗಿದ್ದು.’ ಬರಹವನ್ನು ನಮಗೆ ಯಾಕೆ ತೋರಿಸುವುದಿಲ್ಲ ಎಂದರೆ, ‘ಟ್ರೈನಿಗಳಿಗೆ ಓದೋಕೆ ಟೈಮ್ ಇರಲ್ಲ, ಬಣ್ಣ ಸಾಕು ಅಂದ್ರು’ ಎಂದರು. ಆ ಮೀಟಿಂಗಿಗೆ ಒಬ್ಬ ತರಬೇತಿ ವೈದ್ಯರನ್ನಾದರೂ ಕರೆದಿದ್ದರೇ ಎಂದು ಕೇಳಿದೆ. ‘ಕೇಳಿ ಹೇಳ್ತೀನಿ’ ಎಂದು ಅವರು ಲೈನ್ ಕಟ್ ಮಾಡಿದರು. ಹುಳಿ ಮೇಡಂ ಫೋನಿಟ್ಟು ನಕ್ಕರು. ನಾನು ಕಣ್ಣಾರೆ ನೋಡಿದೆ, ಅವರಿಗೆ ಹಲ್ಲುಗಳಿವೆ.

ಅಂದರೆ ಶಿಷ್ಯೆಗಾಗಿ ತಲೆ ಕೆಡಿಸಿಕೊಂಡು ಬರೆದವರ ಮಾತು ಕೆಂಪು, ಒಂದು ಪದ ಎಸೆದು ಚಹಾಕ್ಕೆ ಹೋದವರ ಮಾತು ಹಸಿರು. ಇದನ್ನು ತಾವು ಕಲಿಕೆ ಎಂದು ಕರೆದು, ಜೇಡರ ಬಲೆಯಲ್ಲಿ ಸುತ್ತಿ, ಸಮಿತಿಯ ಮುಂದೆ ಸಾಕ್ಷಿಯಾಗಿ ಇಡುತ್ತಿದ್ದೀರಿ. ನಾನು ಅಂಕಿಸಂಖ್ಯೆಯ ವೈರಿಯಲ್ಲ. ನನ್ನ ಕೆಲಸ ತಿಂಗಳಿಂದ ತಿಂಗಳಿಗೆ ಹೇಗೆ ಸಾಗಿದೆ ಎಂದು ಒಂದು ಗೆರೆ ತೋರಿಸಿದರೆ ಸಂತೋಷದಿಂದ ನೋಡುತ್ತೇನೆ. ಆದರೆ ಬ್ಯಾಚಿನ ಸರಾಸರಿ ನನ್ನ ಸೂಜಿಯನ್ನು ನೆಟ್ಟಗೆ ಮಾಡುವುದಿಲ್ಲ. ‘ಕೂತುಕೋ’ ಎಂಬ ಮಾತು ಮಾಡಿತು, ಅದನ್ನು ನಿಮ್ಮ ಫಲಕ ನುಂಗಿ ಕೂತಿತ್ತು.

ಆದ್ದರಿಂದ ನನ್ನ ಒತ್ತಾಯ ಕೇಳಿ. ಬರೆದವರ ಮಾತನ್ನು ಬರೆದ ಹಾಗೆಯೇ ಪರದೆಯ ಮೇಲ್ತುದಿಯಲ್ಲಿ, ಬೇರೆಲ್ಲಕ್ಕಿಂತ ಮೊದಲು ತೋರಿಸಿ. ಮೋರೆಗಳನ್ನೆಲ್ಲ ನಿವೃತ್ತಿಗೊಳಿಸಿ. ಬಾರದ ಕೆಲಸವನ್ನು ಕಲಿಯಲೆಂದು ಮಾಡಿ ತೋರಿಸಿದ್ದಕ್ಕೆ ಮುಳ್ಳು ಇಳಿಸಬೇಡಿ, ಇಲ್ಲವಾದರೆ ಯಾರೂ ಮಾಡಿ ತೋರಿಸುವುದಿಲ್ಲ. ಫಲಕವನ್ನು ತಿದ್ದುವ ಕೋಣೆಯಲ್ಲಿ ನಮಗೂ ಕುರ್ಚಿ ಹಾಕಿ. ನಮ್ಮ ಅತ್ತೆಗೆ ಬೇಕಾದರೆ ಪ್ರತಿ ಕಳಿಸುತ್ತಿರಿ, ಅವರಿಗೆ ಗಾಳಿಪಟ ಹಿಡಿಸಿದೆ. ಮತ್ತು ಸೋಮವಾರ ಸಮಿತಿ ನನ್ನ ಹಣೆಬರಹ ಬರೆಯುವ ಮುಂಚೆ ಹುಳಿ ಮೇಡಂ ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಅಷ್ಟಾದ ಮೇಲೂ ನಾನು ಸಲಹೆ ಕೇಳದವಳು ಎನಿಸಿದರೆ ಇನ್ನೊಂದು ವರ್ಷ ಕೂರುತ್ತೇನೆ, ತಕರಾರಿಲ್ಲ.

ನಿನ್ನೆ ಹಸಿರು ಮಹಾರಾಜ ಮೊದಲ ಬಾರಿಗೆ ಹುಳಿ ಮೇಡಂ ಮುಂದೆ ಸೂಜಿ ಹಿಡಿದ. ಅವನೂ ಎತ್ತರದ ಆಸಾಮಿ, ಅಭ್ಯಾಸದಂತೆ ನಿಂತು ಬಗ್ಗಿದ. ದಾಖಲಾಗದಿದ್ದರೆ ಹೋಗಲಿ ಎಂದು ನಾನು ‘ಕೂತ್ಕೋ’ ಅಂತ ಬಾಯಿಬಿಟ್ಟೇ ಹೇಳಿದೆ, ಕಾಲಿನಿಂದ ಸ್ಟೂಲನ್ನು ಅವನತ್ತ ತಳ್ಳಿದೆ. ಅವನು ಕೂತ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಯಾರ ಮಾತನ್ನೂ ಕೇಳದ,
ಇಷ್ಟುದ್ದ ಬರೆದು ತಮ್ಮ ಕಂಪ್ಯೂಟರನ್ನು ಅಳಿಸಲಿರುವ,
ತಗ್ಗು ಮಂಚಗಳ ವಾರ್ಡಿನ ಎತ್ತರದ ತರಬೇತಿ ವೈದ್ಯೆ