ಗೇರ್‌ಬಾಕ್ಸಿಗೆ ಮರದ ಹೊಟ್ಟು ತುಂಬಿದವರಿಗೆ

ತಗ್ಗೂರು, ಇಳಕಲ್
ಫೆಬ್ರುವರಿ 30, 2187

ಬೂದು ಬಣ್ಣದ ಕಾರಿನ ಮಾಲೀಕರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ಯಂತ್ರಗಳ ರಿಪೇರಿಗೆಂದು ತೆಗೆದಿಟ್ಟಿದ್ದೇವೆ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಗುಜರಿಯಲ್ಲಿ ಸಿಕ್ಕಾಗ ನಿಮ್ಮ ಕಾರಿನ ನಂಬರ್ ಪ್ಲೇಟ್ ಅರ್ಧ ಮುರಿದುಹೋಗಿತ್ತು. ಆದರೂ ಬರೆಯಲೇಬೇಕಾಗಿದೆ. ತಪ್ಪು ಮಾಡಿದವರು ಎಂದೋ ಸತ್ತುಹೋಗಿದ್ದರೆ ಅವರಿಗೊಂದು ಪತ್ರ ಬರೆದು, ಊರ ಸಭೆಯಲ್ಲಿ ಗಟ್ಟಿಯಾಗಿ ಓದಿ, ದೂರನ್ನು ಅವರ ಮೇಲೆ ಹೊರಿಸುವುದು ಇಲ್ಲಿನ ಪದ್ಧತಿ. ಅಲ್ಲಿಯವರೆಗೆ ಆಪಾದನೆ ಬದುಕಿರುವವರ ತಲೆಯ ಮೇಲೇ ಇರುತ್ತದೆ. ಈಗ ಅದು ನಮ್ಮೂರಿನ ಬೂಬಮ್ಮ ಎಂಬವಳ ತಲೆಯ ಮೇಲಿದೆ. ನಾನು ಇಲ್ಲಿನ ಗೋಡೆ ಪತ್ರಿಕೆ ಬರೆಯುವವನಾದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ನಿಮ್ಮ ಕಾಲದವರು ಕೆಂಪು ಗ್ರಾನೈಟ್ ತೆಗೆದು ಬಿಟ್ಟುಹೋದ ಕ್ವಾರಿಯೊಳಗೆ ನಾವು ವಾಸವಾಗಿದ್ದೇವೆ. ಬೇಸಿಗೆಯ ಹಗಲಿನಲ್ಲಿ ಮೇಲೆ ನಿಲ್ಲಲಾಗದು. ಕೆಳಗೆ ಬಂಡೆಯ ನೆರಳಿನಲ್ಲಿ ಮನೆ, ಮಗ್ಗ, ಶಾಲೆ ಎಲ್ಲವೂ ಇವೆ. ಹತ್ತಿ ಇಳಿಯಲು ತೊಟ್ಟಿಲು ಇದೆ. ತೊಟ್ಟಿಲೆಂದರೆ ಉಕ್ಕಿನ ಹಗ್ಗಕ್ಕೆ ಕಟ್ಟಿದ ಹಲಗೆ, ಸುತ್ತ ಕಂಬಿ. ಆರೇಳು ಜನ ನಿಲ್ಲಬಹುದು. ಬಿಸಿಲಿನ ಕರೆಂಟಿನಿಂದ ಓಡುವ ಮೋಟಾರಿಗೂ ಹಗ್ಗ ಸುತ್ತುವ ಉರುಳೆಗೂ ನಡುವೆ ನಿಮ್ಮ ಕಾಲದ ಕಾರಿನ ಗೇರ್‌ಬಾಕ್ಸ್ ಇರುತ್ತದೆ. ಜನ ತುಂಬಿದ್ದರೆ ಮೊದಲನೇ ಗೇರ್, ಖಾಲಿಯಿದ್ದರೆ ಮೂರನೆಯದು, ಇಳಿಯಲು ರಿವರ್ಸ್. ಹೊಸ ಗೇರ್‌ಬಾಕ್ಸ್ ಮಾಡುವವರು ಈಗ ಎಲ್ಲಿಯೂ ಇಲ್ಲ. ನೀವು ಎಸೆದದ್ದನ್ನೇ ತಂದು, ಹರಳೆಣ್ಣೆ ತುಂಬಿ ಓಡಿಸುತ್ತೇವೆ. ಪ್ರತಿ ಹುಣ್ಣಿಮೆಗೆ ಎಣ್ಣೆ ಬಸಿದು, ಬಟ್ಟೆಯಲ್ಲಿ ಸೋಸಿ, ಲೋಹದ ಪುಡಿ ಹೊಳೆಯುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತೇವೆ.

ಮುಚ್ಚಳವನ್ನು ಮಾತ್ರ ಸುಮ್ಮಸುಮ್ಮನೆ ಬಿಚ್ಚುವುದಿಲ್ಲ. ಒಮ್ಮೆ ಬಿಚ್ಚಿದರೆ ಎಣ್ಣೆ ಸೋರದಂತೆ ಸಂದಿಗೆ ಕೂರಿಸಿದ ಪ್ಯಾಕಿಂಗ್ ಹರಿಯುತ್ತದೆ, ಸೀಲ್ ಹಾಳಾಗುತ್ತದೆ, ಎರಡೂ ನಮಗೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಕಿವಿಗಾರರಿದ್ದಾರೆ. ಬಿದಿರಿನ ಕೊಳವೆಯನ್ನು ಗೇರ್‌ಬಾಕ್ಸಿಗೆ ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೂರುವುದು ಅವರ ಕೆಲಸ. ಬೇರಿಂಗ್ ಸವೆದರೆ ಗುರುಗುಡುತ್ತದೆ, ಹಲ್ಲು ಸವೆದರೆ ಕೀರಲು ದನಿ ಬರುತ್ತದೆ. ಕೂಗಿದ್ದನ್ನು ಬಿಚ್ಚುತ್ತೇವೆ, ಕೂಗದಿದ್ದರೆ ಮುಟ್ಟುವುದಿಲ್ಲ. ಕಿವಿಗಾರರಿಲ್ಲದೆ ತೊಟ್ಟಿಲು ಓಡಿಸುವಂತಿಲ್ಲ.

ನಿಮ್ಮ ಗೇರ್‌ಬಾಕ್ಸ್ ಎಂದೂ ಕೂಗಲಿಲ್ಲ. ನಮ್ಮ ಕಿವಿಗಾರ್ತಿ ಬೂಬಮ್ಮ ಅದನ್ನು ಹೊಗಳುತ್ತಿದ್ದಳು. "ನನ್ನ ಗಂಡಗ ಇಷ್ಟ ಸುಮ್ನ ಇರೂದ ಕಲಿಸಿದ್ರ ನನ್ನ ಸಂಸಾರ ಚಂದ ಇರ್ತಿತ್ತು ನೋಡ್ರಿ" ಎಂದು ನಗಿಸುತ್ತಿದ್ದಳು.

ಕಳೆದ ಸಂತೆಯ ದಿನ ತೊಟ್ಟಿಲು ತುಂಬ ಜನರಿದ್ದರು. ಮುಕ್ಕಾಲು ದಾರಿ ಏರಿದ ಮೇಲೆ ಬೇರಿಂಗ್ ಚೂರಾಗಿ, ಮೊದಲನೇ ಗೇರಿನ ಹಲ್ಲುಗಳು ಮುರಿದವು. ಉರುಳೆ ಹಿಂದಕ್ಕೆ ತಿರುಗಿತು. ಬ್ರೇಕ್ ಹಿಡಿಯುವಷ್ಟರಲ್ಲಿ ತೊಟ್ಟಿಲು ವಾಲಿ ಬಂಡೆಗೆ ಬಡಿದಿತ್ತು. ಹೆಚ್ಚಿನವರಿಗೆ ತರಚು ಗಾಯಗಳಷ್ಟೇ ಆದವು. ಸೀರೆ ನೇಯುವ ಪಾರವ್ವನ ಬಲಗಾಲು ಹಲಗೆಗೂ ಬಂಡೆಗೂ ನಡುವೆ ಸಿಕ್ಕಿತು. ಪಾದವನ್ನು ಕತ್ತರಿಸಬೇಕಾಯಿತು. ನಮ್ಮ ಮಗ್ಗ ಕುಣಿಯ ಮಗ್ಗ, ಕಾಲಿನಿಂದ ತುಳಿದು ನೇಯುವಂಥದ್ದು.

ಪಾರವ್ವನ ತಮ್ಮ ಗ್ಯಾನಪ್ಪ ಅಂದೇ ಬೂಬಮ್ಮನ ಮುಂದೆ ಬಂದು ನಿಂತ. "ಏನ್ ಕೇಳ್ಕೋತ ಕುಂತಿದ್ದಿ? ನಿದ್ದಿ ಹೊಡದಿ, ಹೌದಿಲ್ಲೋ?"

"ಸದ್ದ ಬರಲಿಲ್ಲೋ ತಮ್ಮಾ. ಬಂದಿದ್ರ ನಾ ಸುಮ್ನ ಕುಂದರ್ತಿದ್ನೇನು?"

"ಗೇರು ಮುರಿದು ಚೂರಾಗೂ ಮಟಾ ಸದ್ದಿಲ್ಲಂತ! ಕಿವಿ ಕೆಪ್ಪಾಗ್ಯಾವ ಅಂತ ಒಪ್ಕೊಂಡು ಎದ್ದು ಹೋಗು."

ಊರೂ ಹಾಗೆಯೇ ಅಂದಿತು. ಮರುದಿನದಿಂದ ಅವಳಿಗೆ ಯಾರೂ ಕುಡಿಯುವ ನೀರು ಸಹ ತಂದುಕೊಡಲಿಲ್ಲ.

ಮುಚ್ಚಳ ಬಿಚ್ಚಿದಾಗ ಒಳಗೆ ಕರೀ ಹಿಟ್ಟಿನ ಮುದ್ದೆಯಂಥದ್ದು ಸಿಕ್ಕಿತು. ಹಲ್ಲುಗಳ ಸಂದಿಯಲ್ಲಿ, ಬೇರಿಂಗಿನ ಸುತ್ತ, ತಳದಲ್ಲಿ, ಎಲ್ಲ ಕಡೆ ಅದೇ ಮೆತ್ತಿಕೊಂಡಿತ್ತು. ಬಡಿಗ ಮೌನೇಶ ಅದನ್ನು ಬೆರಳಲ್ಲಿ ತಿಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದ. "ಸಾಗವಾನಿ ಹೊಟ್ಟ ಐತಿ ಇದು, ಗ್ರೀಸಿನ್ಯಾಗ ಕಲಿಸ್ಯಾರ. ಗೇರ್‌ಬಾಕ್ಸಿನ್ಯಾಗ ಇದಕ್ಕೇನ ಕೆಲಸ?" ಎಂದ.

ಅದರ ಕೆಲಸವೇನೆಂದು ನಿಮಗೆ ಗೊತ್ತು. ಸವೆದ ಗೇರಿನ ಕೂಗು ಕಾರು ಕೊಳ್ಳಲು ಬಂದವರ ಕಿವಿಗೆ ಬೀಳಬಾರದು, ಅಷ್ಟೇ. ಹೊಟ್ಟು ಸದ್ದನ್ನು ನುಂಗಿತು, ಲೋಹದ ಪುಡಿಯನ್ನು ಹಿಡಿದಿಟ್ಟುಕೊಂಡಿತು, ಬೇರಿಂಗಿಗೆ ಎಣ್ಣೆ ಹೋಗದಂತೆ ತಡೆಯಿತು. ಬೂಬಮ್ಮನ ಕಿವಿಗೂ ನಮ್ಮ ಸೋಸುವ ಬಟ್ಟೆಗೂ ಒಂದೇ ಸಲ ಮಣ್ಣೆರಚಿತು.

ನೀವು ಗೇರ್ ಕೋಲಿನ ಮೇಲೆ ಸದಾ ಕೈಯಿಟ್ಟು ಓಡಿಸುತ್ತಿದ್ದಿರಿ. ಆ ಭಾರಕ್ಕೆ ಗೇರ್ ಸರಿಸುವ ಕವೆ ಒಂದೇ ಬದಿಗೆ ಸವೆದಿದೆ. ಕ್ಲಚ್ ಪೂರ್ತಿ ಒತ್ತದೆ ಗೇರ್ ಬದಲಿಸುತ್ತಿದ್ದಿರಿ, ಹಲ್ಲಿನ ಅಂಚುಗಳು ಉದುರಿವೆ. ಎಣ್ಣೆಯನ್ನು ಎಷ್ಟೋ ವರ್ಷ ಬದಲಿಸಿಲ್ಲ. ಇದಕ್ಕೆಲ್ಲ ನಾನು ಪತ್ರ ಬರೆಯುತ್ತಿರಲಿಲ್ಲ. ಬಳಸಿದ್ದು ಸವೆಯುತ್ತದೆ, ಅಜಾಗರೂಕತೆ ಎಲ್ಲರಲ್ಲಿಯೂ ಇದೆ.

ಆದರೆ ನೀವು ಅದರ ಕೂಗನ್ನು ಕೇಳಿದ್ದಿರಿ. ಕೇಳಿ, ಗೇರ್‌ಬಾಕ್ಸನ್ನು ಇಳಿಸಿ, ಮುಚ್ಚಳ ಬಿಚ್ಚಿದ್ದಿರಿ, ಇಲ್ಲವೇ ಯಾರಿಂದಲೋ ಬಿಚ್ಚಿಸಿದ್ದಿರಿ. ಹೊಟ್ಟು ಮೆತ್ತಿದ ಕೈ ಸವೆದ ಬೇರಿಂಗನ್ನು ಮುಟ್ಟಿಯೇ ಇರಬೇಕು. ಹೊಸ ಬೇರಿಂಗ್, ಹೊಸ ಪ್ಯಾಕಿಂಗ್, ಹೊಸ ಎಣ್ಣೆ ನಿಮ್ಮ ಊರಿನ ಅಂಗಡಿಯಲ್ಲೇ ಇದ್ದವು. ರಿಪೇರಿಗೆ ಬೇಕಾದ ಅರ್ಧ ಶ್ರಮವನ್ನು ನೀವು ಅದಾಗಲೇ ಪಟ್ಟಿದ್ದಿರಿ. ಉಳಿದ ಅರ್ಧವನ್ನು ಅದರ ಬಾಯಿ ಮುಚ್ಚಿಸಲು ಬಳಸಿದಿರಿ. ಇಲ್ಲಿ ಒಂದು ಪ್ಯಾಕಿಂಗ್ ಉಳಿಸಲು ನಾವು ಒಬ್ಬಳ ಇಡೀ ಆಯಸ್ಸನ್ನು ಬಿದಿರಿನ ತುದಿಯಲ್ಲಿ ಕೂರಿಸಿದ್ದೇವೆ. ನಿಮಗೆ ನಾಚಿಕೆಯಾಗಬೇಕು.

ಪತ್ರವನ್ನು ಸಭೆಯಲ್ಲಿ ಓದಿದ್ದಾಯಿತು. ಅಲ್ಲಿ ನಡೆದದ್ದನ್ನೂ ಸೇರಿಸುತ್ತೇನೆ. ಆಪಾದನೆ ನಿಮ್ಮ ಮೇಲೆ ಹೋಯಿತು. ಗ್ಯಾನಪ್ಪ ಎದ್ದು ಬೂಬಮ್ಮನ ಎದುರು ಕೂತ. "ತಪ್ಪಾತು ಯವ್ವಾ. ಬಾಯಿಗೆ ಬಂದಂಗ ಅಂದುಬಿಟ್ಟೆ. ಬ್ಯಾರೆ ಗೇರ್‌ಬಾಕ್ಸ್ ಕೂಡ್ಸೇವಿ, ನಾಳಿಂದ ಕೊಳವಿ ಹಿಡಿದು ಕುಂದರು."

ಬೂಬಮ್ಮ ಬಿದಿರಿನ ಕೊಳವೆಯನ್ನು ಅವನ ಕೈಗೆ ಕೊಟ್ಟಳು. "ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ. ಖರೇನ ಹೇಳ್ತೀನಿ, ಸದ್ದ ಬಂದ್ರ ಅಂಜಿಕಿಲ್ಲ. ಸುಮ್ನ ಇದ್ರ ಈಗ ಎದಿ ಹೊಡ್ಕೋತೈತಿ. ಹಿಂತಾ ಕಿವಿ ತಗೊಂಡು ಮಂದೀ ಜೀವ ಹ್ಯಾಂಗ ಕಾಯಲಿ?"

ಇನ್ನೊಬ್ಬ ಕಿವಿಗಾರ ನಮ್ಮಲ್ಲಿಲ್ಲ. ಹೊಸಬರು ಕಲಿಯಲು ವರ್ಷಗಳು ಬೇಕು. ತೊಟ್ಟಿಲು ನಿಂತಿದೆ. ಕಾಲಿದ್ದವರು ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತುತ್ತಾರೆ. ಪಾರವ್ವ ಕೆಳಗೇ ಇದ್ದಾಳೆ.

ಸತ್ತವರಿಗೆ ಬರೆದ ಪತ್ರ ಯಾವ ಕಾಲದಲ್ಲಿ ಮುಟ್ಟುತ್ತದೋ ನಮಗೆ ಗೊತ್ತಿಲ್ಲ. ಈ ಪತ್ರ ನಿಮ್ಮನ್ನು ಮುಟ್ಟುವ ಹೊತ್ತಿಗೆ ಬೂದು ಕಾರು ಇನ್ನೂ ನಿಮ್ಮ ಮನೆಯ ಮುಂದೆಯೇ ನಿಂತಿರಬಹುದು. ಕೊಳ್ಳುವವರು ನಾಳೆ ಬರುವವರಿರಬಹುದು. ಹೊಟ್ಟು ತೆಗೆಯಿರಿ, ಬೇರಿಂಗ್ ಬದಲಿಸಿ. ಅದಕ್ಕೂ ಮನಸ್ಸಿಲ್ಲದಿದ್ದರೆ ಕೂಗುವಷ್ಟು ದಿನ ಅದನ್ನು ಕೂಗಲು ಬಿಡಿ. ಕೇಳುವವಳೊಬ್ಬಳು ನಮ್ಮಲ್ಲಿದ್ದಳು.

ಸೋಮರಾಯ
ತಗ್ಗೂರಿನ ಸಭೆಯ ಪರವಾಗಿ