ಕಪ್ಪು ತಿರುಳು

ಶಿವನಿ
೧೪ ಸೆಪ್ಟೆಂಬರ್ ೨೦೨೪

ಚಿರಂಜೀವಿ ಪ್ರಕಾಶನಿಗೆ ಅಕ್ಕ ಭಾಗಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಗೌರಿ ಹಬ್ಬಕ್ಕೆ ನಿನ್ನ ಹೆಂಡತಿ ಅಕ್ಷತಾ ಬಾಗಿನ ತಂದುಕೊಟ್ಟು ಹೋದಳು. ತಿಳಿಸುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಬೈಯುವುದನ್ನು ಬಿಟ್ಟು ಊಟ ಆಯ್ತೇನೋ ಎಂದು ಕೇಳಿಬಿಡುತ್ತೇನೆ.

ನಮ್ಮ ದ್ರಾಕ್ಷಿ ತೋಟ ಹೋಯಿತು ಕಣೋ. ಮೊದಲು ಒಂದೆರಡು ಬಳ್ಳಿಯ ಎಲೆ ಮುರುಟಿತು. ನಿನ್ನ ಭಾವ ನೀರು ಹೆಚ್ಚಾಯಿತೆಂದರು, ಆಮೇಲೆ ಕಡಿಮೆಯಾಯಿತೆಂದರು, ಕೊನೆಗೆ ಯಾರದೋ ದೃಷ್ಟಿ ತಾಗಿದೆಯೆಂದು ಬೂದುಗುಂಬಳಕಾಯಿ ಕಟ್ಟಿದರು. ತೋಟದಲ್ಲಿ ಈಗ ಚೆನ್ನಾಗಿರುವುದು ಅದೊಂದೇ.

ತೋಟಗಾರಿಕೆ ಓದಿದ ಅನುಪಮಾ ಎಂಬ ಹುಡುಗಿ ಕಡೂರಿನಿಂದ ಬಂದು ಒಂದು ಕಾಂಡವನ್ನು ಅಡ್ಡ ಕೊಯ್ದು ತೋರಿಸಿದಳು. ಹೊರಗೆ ಹಸಿ ತೊಗಟೆ, ಒಳಗೆ ಕಪ್ಪು ತಿರುಳು. "ಇದು ಬೂಷ್ಟಿನ ರೋಗ ಕಣಮ್ಮಾ. ಕೊಂಬೆ ಸವರಿದ ಗಾಯದಿಂದ ಒಳಕ್ಕೆ ಹೋಗುತ್ತೆ. ಎರಡು ಮೂರು ವರ್ಷ ಗೊತ್ತೇ ಆಗಲ್ಲ," ಎಂದಳು. ಒಳಗೆ ಸೇರಿದ ಮೇಲೆ ಔಷಧಿ ನಾಟುವುದಿಲ್ಲವಂತೆ. ಬಿಳಿ ತಿರುಳು ಕಾಣುವ ತನಕ ಕತ್ತರಿಸಿ, ಗಾಯಕ್ಕೆ ಔಷಧಿ ಬಳಿದು, ಕತ್ತರಿಸಿದ್ದನ್ನು ಸುಟ್ಟುಬಿಡಬೇಕಂತೆ. ನಾವು ಕತ್ತರಿಸುತ್ತಾ ಹೋದೆವು. ಬಹಳಷ್ಟು ಬಳ್ಳಿಗಳಲ್ಲಿ ನೆಲ ಮುಟ್ಟಿದರೂ ಕಪ್ಪೇ. ನಿನ್ನ ಭಾವ ರಾಶಿಗೆ ಬೆಂಕಿಯಿಟ್ಟು ಬೆನ್ನು ತಿರುಗಿಸಿ ಕೂತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಉಳಿದ ಎರಡು ಸಾಲನ್ನಾದರೂ ಉಳಿಸಿಕೊಳ್ಳಬೇಕು. ಅದಕ್ಕೇ ಹೇಳುತ್ತಿದ್ದೇನೆ, ಈ ಸಲ ಬಳ್ಳಿ ಸವರಲು ನೀನು ಬರಬೇಡ. ಮೊದಲ ಕೊಂಬೆ ತವರಿನವರ ಕೈಯಿಂದಲೇ ಬೀಳಬೇಕು ಎನ್ನುತ್ತಿದ್ದಳು ಅವ್ವ. ನೀನು ಅಮೃತಾಪುರದಿಂದ ಬಂದು ಶಾಸ್ತ್ರ ಮಾಡುವ ತನಕ ನಾನು ಆಳುಗಳನ್ನೂ ತೋಟಕ್ಕೆ ಬಿಡುತ್ತಿರಲಿಲ್ಲ. ಇನ್ನು ಆ ಶಾಸ್ತ್ರ ಸಾಕು.

ಅಕ್ಷತಾಳ ಮೇಲೆ ರೇಗಬೇಡ, ಅವಳದೇನೂ ತಪ್ಪಿಲ್ಲ. ಮಕ್ಕಳಿಗೆ ಒಳ್ಳೆಯದಾಗಲಿ. ನಿನ್ನ ತೋಟವೂ ಚೆನ್ನಾಗಿರಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಭಾಗಮ್ಮ

ಮತ್ತೊಂದು ಮಾತು. ಬಾಗಿನ ತಂದ ದಿನ ಅಕ್ಷತಾ ನಮ್ಮ ಬಳ್ಳಿಗಳನ್ನು ನೋಡಿ, "ಮೂರು ವರ್ಷದ ಹಿಂದೆ ನಮ್ಮಲ್ಲೂ ಇದೇ ಬಂದಿತ್ತು ಅತ್ತಿಗೆ. ಇವ್ರು ಬಳ್ಳಿ ಬಳ್ಳಿಗೂ ಕತ್ತರೀನ ಔಷಧೀಲಿ ಅದ್ದಿ ಅದ್ದಿ ಸವರಿದ್ರು, ಉಳ್ಕೊಂತು. ಹಣ್ಣು ಕೊಳ್ಳೋರು ಬರಲ್ಲ, ಹೊರಗಿನೋರಿಗೆ ಗೊತ್ತಾಗ್ಬಾರ್ದು ಅಂದಿದ್ರು," ಎಂದಳು. ಪಾಪ, ನನಗೆ ಗೊತ್ತೆಂದೇ ತಿಳಿದಿದ್ದಳು. ಆ ವರ್ಷವೂ ನೀನು ಬಂದಿದ್ದೆ. ಸೊಂಟದಿಂದ ಕತ್ತರಿ ತೆಗೆದವನೇ ನೇರ ನಮ್ಮ ಬಳ್ಳಿಗೆ ಹಾಕಿದೆ. ನಿನಗೆಂದು ಕಾಫಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ನಾನೂ ಹೊರಗಿನವಳೆಂದು ನನಗೆ ತಿಳಿದಿರಲಿಲ್ಲ, ಪ್ರಕಾಶ.