ಮೂರನೇ ಶಿಷ್ಯಪತ್ರ

ಗುರುಗಳಾದ ಚೆನ್ ಯೋಂಗ್‌ಶಿ ಅವರಿಗೆ ಲಿಯು ಹೈಕ್ವಾನ್ ತಲೆಬಾಗಿ ಬರೆದದ್ದು.

ತಾಯ್ ಚಿ ವರಸೆ ಯಾಕೆ ಕಲಿಯುತ್ತೇನೆಂದು ಬರೆದುಕೊಡದವನ ಕೈಯಿಂದ ನೀವು ಚಹಾ ಕುಡಿದು ಶಿಷ್ಯನೆಂದು ಒಪ್ಪುವುದಿಲ್ಲ. ಹದಿನಾರರಲ್ಲಿ, "ಅಪ್ಪನ ಸೊಂಟ ಮುರಿದ ನೂಡಲ್ಸ್ ಅಂಗಡಿಯ ಗುವೊನನ್ನು ಕೊಲ್ಲಲು" ಎಂದು ಬರೆದೆ. ಹರಿದು ಎಸೆದಿರಿ. ಮೂವತ್ತರಲ್ಲಿ "ಆರೋಗ್ಯಕ್ಕೆ" ಎಂದು ಬರೆದೆ. "ಸುಳ್ಳು ಬೊಗಳ್ತೀಯೇನೋ!" ಎಂದು ಕಪಾಳಕ್ಕೆ ಬಾರಿಸಿದಿರಿ. ಆದರೂ ಅಂಗಳದಿಂದ ಓಡಿಸಲಿಲ್ಲ.

ಮೊನ್ನೆ ಸಂತೆಯಲ್ಲಿ ಗುವೊ, "ಏನೋ ಕುಂಟನ ಮಗನೇ, ಇನ್ನೂ ಗಾಳೀಲಿ ಈಜಾಡ್ತಿದ್ದೀಯಾ?" ಎಂದು ಎದೆಗೆ ಗುದ್ದಿದ. ಬಂದ ಕೈಯನ್ನು ಬಂದ ದಾರಿಯಲ್ಲೇ ಎಳೆದುಕೊಂಡು ಸೊಂಟ ತಿರುಗಿಸಿದೆ. ಅವನ ಮೊಣಕೈ ಒಣ ಜೋಳದ ದಂಟಿನಂತೆ ಲಟಕ್ಕೆಂದಿತು. ಮೂಳೆ ಚರ್ಮ ಹರಿದು ಹೊರಬಂತು. ಕತ್ತಿನ ಮೇಲೆ ಕಾಲಿಟ್ಟೆ. "ಅವ್ವಾ" ಎಂದು ಕೂಗಿದ. ಅಪ್ಪನೂ ಅವತ್ತು ಹಾಗೇ ಕೂಗಿದ್ದ. ಕಾಲು ತೆಗೆದೆ.

ಹಗೆ ತೀರಿತು, ಇನ್ನು ಅಭ್ಯಾಸ ಯಾಕೆ ಎಂದುಕೊಂಡೆ. ಮರುದಿನ ಹೊತ್ತು ಹುಟ್ಟುವ ಮೊದಲೇ ನಿಮ್ಮ ಅಂಗಳದಲ್ಲಿ ನಿಂತಿದ್ದೆ.

ಅವನ ಮೂಳೆ ಕೂಡಿಸಲು ದಯವಿಟ್ಟು ನೀವೇ ಹೋಗಿ; ಮುರಿದ ಮೂಳೆ ಕಟ್ಟುವುದರಲ್ಲಿ ನಿಮ್ಮಷ್ಟು ಪಳಗಿದ ಕೈ ಊರಲ್ಲಿಲ್ಲ. ನಾನು ಅಂಗಡಿಗೆ ಹೋದಾಗ ಅವನ ಹೆಂಡತಿ ನನ್ನ ಮುಖಕ್ಕೆ ಉಗುಳಿ, ಆಮೇಲೆ ಹಿಟ್ಟಿನ ಬೋಗುಣಿ ತೋರಿಸಿದಳು. ಅವನ ಕೈ ಕೂಡುವವರೆಗೆ ನಾನೇ ನಾದುತ್ತೇನೆ.

ಕಾರಣ ಬರೆಯುವ ಜಾಗವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ. ಚಹಾ ತರಲೇ?

ನಿಮ್ಮ ಅಂಗಳದ
ಹೈಕ್ವಾನ್